ಗ್ರಾಫಿನಲ್ಲಿ ಕಾಣದ ಕಾಲುಸಂಕ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ, ಬೆಳ್ತಂಗಡಿ ಕಡೆಯ, ಮಳೆಗೆ ತುಂಬಿ ಹರಿಯುವ ಒಂದು ತೋಡಿನ ಕಾಲುಸಂಕದ ನಡುವೆ ನನ್ನ ಕಾಲು ಜಾರಿತು. ಮಕ್ಕಳ ಅಂಕಗಳನ್ನು ವಿಶ್ಲೇಷಿಸಲು ಶಿಕ್ಷಕರಿಗೆ ಕಲಿಸುವ ನಾನು, ಸಂಕವೆಂದು ಹಾಸಿದ್ದ ಎರಡು ಅಡಕೆ ಮರದ ಕಾಂಡಗಳನ್ನು ತಬ್ಬಿಕೊಂಡು ಬೋರಲಾಗಿ ಬಿದ್ದಿದ್ದೆ. ಕೆಳಗೆ ಕೆಂಪು ನೀರು ನುಗ್ಗುತ್ತಿತ್ತು.

ಹಿಂದಿನ ದಿನವಷ್ಟೇ ಶಾಲೆಯಲ್ಲಿ ಬಣ್ಣದ ಗ್ರಾಫ್ ತೋರಿಸಿ, ತೋಡಿನಾಚೆಯ ಆರು ಮಕ್ಕಳು ಹಾಜರಿ ಪೂರ್ತಿ ಇದ್ದರೂ ಗಣಿತದಲ್ಲಿ ದಡ್ಡರು ಎಂದು ಘೋಷಿಸಿದ್ದೆ. ಮುಖ್ಯೋಪಾಧ್ಯಾಯಿನಿ ತಣ್ಣಗೆ, "ನಾಳೆ ಅವರೊಟ್ಟಿಗೆ ನಡೆದು ಬನ್ನಿ ಸರ್, ಗ್ರಾಫ್ ಆಮೇಲೆ ನೋಡುವ" ಎಂದಿದ್ದರು.

ಐದನೇ ತರಗತಿಯ ಹುಡುಗಿಯೊಬ್ಬಳು ನನ್ನ ಕಾಲರ್ ಹಿಡಿದಳು. "ಕೆಳಗೆ ನೋಡ್ಬೇಡಿ ಸರ್. ಕೂತುಕೊಂಡೇ ಬನ್ನಿ, ಒಂದನೇ ಕ್ಲಾಸಿನವರು ಹಾಗೆಯೇ ಬರುವುದು."

ನೀರು ಸ್ವಲ್ಪ ಇಳಿಯುವವರೆಗೆ ಕಾದು ಬರುವ ಆ ಮಕ್ಕಳಿಗೆ ಮೊದಲ ಪೀರಿಯಡಿನ ಗಣಿತವೇ ಸಿಗುತ್ತಿರಲಿಲ್ಲ. ಪಾಪವೆಂದು ಟೀಚರ್ ಪೂರ್ತಿ ಹಾಜರಿ ಹಾಕುತ್ತಿದ್ದರು. ಆ ಹಾಜರಿಯನ್ನು ನಂಬಿದ ದಡ್ಡ ನಾನೊಬ್ಬನೇ.

ಗಣಿತ ಮಧ್ಯಾಹ್ನಕ್ಕೆ ಹೋಯಿತು, ಅಂಕಗಳು ಏರಿದವು, ಶಹಬ್ಬಾಸ್ ನನಗೆ ಸಿಕ್ಕಿತು. ಆದರೆ ಕಣ್ಣು ಮುಚ್ಚಿದರೆ ಸಾಕು, ಆ ಕಾಂಡಗಳ ಮೇಲೆ ಆರು ಮಕ್ಕಳು ನಡೆಯುತ್ತಿದ್ದರು. ಪಂಚಾಯತಿನವರು ಸಂಕದ ಉದ್ದಕ್ಕೂ ಎರಡೂ ಬದಿಗೆ ಹಿಡಿದು ನಡೆಯಲು ಕಬ್ಬಿಣದ ಕಂಬಿ ಹಾಕಿಸಿದ ಶುಕ್ರವಾರ ರಾತ್ರಿ ನಾನು ಬೆಳಗಿನ ತನಕ ನಿದ್ದೆ ಮಾಡಿದೆ.