ಕ್ರೇಪ್ ಪಟ್ಟಿಯೊಳಗಿನ ಹಸಿರು ಬಳೆ

ಮೊನ್ನೆ ಟ್ರಂಕಿನ ತಳದಲ್ಲಿ ಕ್ರೇಪ್ ಬ್ಯಾಂಡೇಜಿನ ಒಂದು ಸುರುಳಿ ಸಿಕ್ಕಿತು. ಎಳೆದರೆ ಹಿಗ್ಗುವ ಕಸುವು ಅದಕ್ಕೆ ಉಳಿದಿಲ್ಲ. ಮೂಗಿಗೆ ಹಿಡಿದರೆ ನೋವಿನ ಮುಲಾಮಿನ ಘಾಟು ಮಾತ್ರ ಇನ್ನೂ ಇತ್ತು. ಎರಡು ಸಾವಿರದ ಇಸವಿಯ ಸುಮಾರಿಗೆ ಇದನ್ನು ನಾನೇ ಬಾಜೂ ಮನೆಯ ಅಕ್ಕನ ಮುಂಗೈಗೆ ಸುತ್ತಿದ್ದೆ.

ಖಾನಾಪುರದಲ್ಲಿ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಅಕ್ಕ ಪಿಯುಸಿ ಎರಡನೇ ವರ್ಷ, ನಾನು ಮೊದಲನೆಯದು. ಇಬ್ಬರೂ ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿದ್ದೆವು. ಅಕ್ಕ ನೋಡಲು ಕಡ್ಡಿ. ಆದರೆ ಅವಳು ಹೊಡೆದ ಚೆಂಡು ಮೈದಾನ ದಾಟಿ ಎಮ್ಮೆ ಮೇಯುವ ಕಡೆ ಬೀಳುತ್ತಿತ್ತು. ಭಾರದ ಬ್ಯಾಟಿಗಾಗಿ ಕಿತ್ತಾಡುತ್ತಿದ್ದ ನಮಗೆಲ್ಲ ಪಿ.ಟಿ. ಸರ್ ಅವಳನ್ನೇ ತೋರಿಸುತ್ತಿದ್ದರು.

"ಬ್ಯಾಟಿನ ಭಾರ ಏನ್ ನೋಡ್ತೀರಿ? ಆಕಿ ಬೀಸೂ ಜೋರ ನೋಡ್ರಿ. ಚೆಂಡು ದೂರ ಹೋಗೂದು ಅದರಿಂದ."

ಮೊದಲು ಸೊಂಟ ತಿರುಗುತ್ತಿತ್ತು, ಹಿಂದೆಯೇ ಭುಜ, ಕಡೆಗೆ ಮುಂಗೈ ಚಾಟಿಯ ಹಾಗೆ ಹೊರಳುತ್ತಿತ್ತು. ಬ್ಯಾಟು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಸುಯ್ ಎಂಬ ಸದ್ದಷ್ಟೇ...

ಆ ವರ್ಷವೇ ಅವಳಿಗೆ ಗಂಡು ಬಂತು. ಬೆಳಗಾವಿಯ ಆಟೋ ನಗರದಲ್ಲಿ ಲಾರಿ ರಿಪೇರಿ ಮಾಡುವ ಹುಡುಗ. ಮದುವೆ ನಿಶ್ಚಯವಾಗಿ, ಬಳೆಗಾರ ಬಂದು ಎರಡೂ ಕೈತುಂಬ ಹಸಿರು ಗಾಜಿನ ಬಳೆ ಏರಿಸಿ ಹೋದ. ಒಡೆಯದೆ ತೆಗೆಯಲು ಬರದಷ್ಟು ಬಿಗಿ. ಅಕ್ಕ ಊಟ ಬಿಟ್ಟು ಅತ್ತಳು. ಕೊನೆಗೆ ಅವಳಪ್ಪ ಒಂದು ಮಾತು ಕೊಟ್ಟರು. ಬೆಳಗಾವಿಯ ಆಯ್ಕೆಯಲ್ಲಿ ರಾಜ್ಯ ತಂಡಕ್ಕೆ ಸೇರಿಬಿಟ್ಟರೆ ಡಿಗ್ರಿ ಮುಗಿಯುವ ತನಕ ಮದುವೆಯ ಸುದ್ದಿ ಎತ್ತುವುದಿಲ್ಲ ಎಂದು.

ಮರುದಿನ ಪ್ರಾಕ್ಟೀಸಿನಲ್ಲಿ ಒಂದು ಬಳೆ ಚಟ್ಟೆಂದು ಒಡೆಯಿತು. ಅವಳವ್ವ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಗುಡಿಗೆ ಓಡಿದಳು. ಮರಳಿ ಬಂದು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಈ ಬಳಿಯೊಳಗ ಅವನ ಆಯುಷ್ಯ ಐತಿ. ಅವಗೂ ಒಬ್ಬ ತಾಯಿ ಅದಾಳವಾ" ಎಂದಳು, ಅಷ್ಟೇ.

ಆಯ್ಕೆಯ ದಿನ ಮೈದಾನದ ಅಂಚಿನಲ್ಲಿ ಕೂತು ನಾನು ಅವಳ ಬಳೆಗಳ ಮೇಲೆ ಈ ಪಟ್ಟಿಯನ್ನು ಬಿಗಿದು ಸುತ್ತಿದೆ. "ಇನ್ನ ಒಡಿಯೂದಿಲ್ಲಕ್ಕ, ಬೀಸಿಬಿಡು" ಎಂದೆ. ಅವಳು ಹೂಂ ಎಂದಳು.

ಚೆಂಡು ಬಂತು. ಸೊಂಟ ತಿರುಗಿತು, ಭುಜ ಬಂತು... ಮುಂಗೈ ಬರಲಿಲ್ಲ. ಬ್ಯಾಟು ನನಗೆ ನಿಚ್ಚಳವಾಗಿ ಕಾಣುತ್ತಿತ್ತು. ಚೆಂಡು ಉರುಳಿಕೊಂಡು ಹೋಗಿ ಎದುರಿನ ಹುಡುಗಿಯ ಕಾಲ ಹತ್ತಿರ ನಿಂತಿತು. "ಕೈ ಯಾಕ ತಡಿತೀಯವಾ?" ಎಂದು ಸರ್ ದೂರದಿಂದಲೇ ಕೂಗಿದರು. ಆಮೇಲಿನ ಚೆಂಡುಗಳೂ ಹಾಗೇ ಆದವು. ಆಯ್ಕೆಯಾದವರ ಹೆಸರು ಕೂಗಿದಾಗ ಅದರಲ್ಲಿ ಅವಳದ್ದಿರಲಿಲ್ಲ.

ಖಾನಾಪುರಕ್ಕೆ ಮರಳುವ ರೈಲಿನಲ್ಲಿ ಪಟ್ಟಿ ಬಿಚ್ಚಿದೆ. ಒಂದು ಬಳೆಯೂ ಒಡೆದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಒಂದೇ ಸಲ ಮುಖ ನೋಡಿದ ಗಂಡಸಿಗಾಗಿ ಕೈಗೆ ಬಂದ ತುತ್ತು ಬಿಟ್ಟಳಲ್ಲ ಎಂದು ಬಾಯಿಗೆ ಬಂದಂತೆ ಬೈದೆ.

"ಅವಗೇನರ ಆಗಿದ್ರ?" ಎಂದಳು ಅಕ್ಕ, ಕಿಟಕಿಯಾಚೆ ನೋಡುತ್ತ.

ಮದುವೆಯಾಗಿ ಎರಡು ವರ್ಷಕ್ಕೆ ಜ್ಯಾಕ್ ಜಾರಿ ಲಾರಿ ಅವನ ಮೇಲೆ ಕುಸಿಯಿತು. ಮಣ್ಣಿಗೆ ಹೋದವರು ಮರಳಿದ ಮೇಲೆ ಹೆಂಗಸರು ಅಕ್ಕನ ಕೈ ಹಿಡಿದು ಕಲ್ಲಿನಿಂದ ಬಳೆ ಒಡೆದರು. ಅವಳು ಕೊಸರಾಡಲಿಲ್ಲ. ನನ್ನನ್ನು ಕಂಡು ಮೆಲ್ಲಗೆ ಹೇಳಿದಳು: "ಅವತ್ತ ಬೀಸಬೇಕಿತ್ತ ನೋಡ."

ಹೋದ ಮಳೆಗಾಲದಲ್ಲಿ ಕಾಮಾಲೆಯಾಗಿ ಅವಳೂ ಹೋದಳು. ನಾನು ಈಗ ಬೆಳಗಾವಿ ಪಕ್ಕದ ಮಚ್ಛೆಯಲ್ಲಿ ಸಂಸಾರ ಮಾಡಿಕೊಂಡಿದ್ದೇನೆ. ಬಳೆ, ಆಯುಷ್ಯ ಎಂಬುದನ್ನೆಲ್ಲ ಅಕ್ಕನ ಬಳೆ ಒಡೆದ ಆ ದಿನದಿಂದ ನಂಬುವವಳಲ್ಲ. ಮೊನ್ನೆ ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಬಳೆಗಳ ಮೇಲೆ ಆ ಪಟ್ಟಿಯನ್ನು ಸುತ್ತಿಕೊಂಡು, ಲಟ್ಟಣಿಗೆ ಹಿಡಿದು, ಸರ್ ಕಲಿಸಿದ ಹಾಗೆ ನಿಂತು ಗಾಳಿಗೆ ಬೀಸಿದೆ. ಸೊಂಟ ತಿರುಗಿತು, ಭುಜ ಬಂತು. ಮುಂಗೈ ನಡುವೆಯೇ ನಿಂತುಬಿಟ್ಟಿತು. ನನ್ನ ಗಂಡ ಇನ್ನೂ ಫ್ಯಾಕ್ಟರಿಯಿಂದ ಬಂದಿರಲಿಲ್ಲ.