ಗಂಗಲಕ್ಷ್ಮಿಯ ಹುಲಿ ಪತಂಗ

ಹೊನ್ನವಳ್ಳಿಯ ರಂಗಪ್ಪನ ಅಟ್ಟದಲ್ಲಿಟ್ಟದ್ದು ಕೆಟ್ಟಿತು ಎಂಬ ಮಾತನ್ನು ಈ ಸೀಮೆಯಲ್ಲಿ ಯಾರೂ ಕೇಳಿಲ್ಲ. ತೆಂಗಿನಕಾಯಿ ಏರಿಸಿದರೆ ಉಂಡೆ ಕೊಬ್ಬರಿಯಾಗಿ ಇಳಿಯುತ್ತದೆ. ಮಳೆಗಾಲದ ಮೋಡ ಏರಿಸಿದರೂ ಹತ್ತಿಯಾಗಿ ಇಳಿದೀತು. ಇದು ರಂಗಪ್ಪನದೇ ಮಾತು, ನಾನು ಸ್ವಲ್ಪ ಕಡಿಮೆ ಮಾಡಿ ಬರೆದಿದ್ದೇನೆ.

ಹೇಳಹೊರಟದ್ದು ಅವನ ಹೆಂಡತಿ ಗಂಗಲಕ್ಷ್ಮಿಯ ವಿಷಯ. ಆಕೆ ಕಂಬಳಿಹುಳ ಸಾಕುತ್ತಿದ್ದಳು. ಮೈಗೆ ತಾಗಿದರೆ ನವೆ ಹಿಡಿಸುವ ಹುಳಕ್ಕೆ ಗಾಜಿನ ಬಾಟಲಿಯಲ್ಲಿ ಬದುವಿನ ಸೊಪ್ಪು ಹಾಕಿ, ಅದು ಹುಲಿ ಪತಂಗವಾಗಿ ರೆಕ್ಕೆ ಬಿಚ್ಚುವುದನ್ನು ನೋಡುವ ಹುಚ್ಚು. ಊರು ನಕ್ಕ ರಭಸಕ್ಕೆ ಮರದ ಮೇಲಿನ ಎಳನೀರೆಲ್ಲ ಮೊಸರಾಗಬೇಕಿತ್ತು.

ನಗದವಳು ಒಬ್ಬಳೇ. ತಿಪಟೂರಿನಲ್ಲಿ ಗಂಗಲಕ್ಷ್ಮಿಯ ರವಿಕೆ ಹೊಲಿಯುವ ಟೈಲರ್ ಲಿಯಾಕತ್ ಅಲಿಯ ಮಗಳು ನೌಶೀನ್, ಕಾಲೇಜಿನಲ್ಲಿ ಪತಂಗಗಳ ಬಗ್ಗೆಯೇ ಓದುತ್ತಿದ್ದವಳು. ಗಂಗಲಕ್ಷ್ಮಿ ಫೋನಿನಲ್ಲಿ ಕಳಿಸಿದ ಒಂದು ಫೋಟೋ ನೋಡಿ, ಇದು ಇನ್ನೂ ಯಾರೂ ಹೆಸರಿಡದ ಹೊಸ ಬಳಗವೇನೋ ಎಂದು ಅವಳಿಗೆ ಅನುಮಾನ ಬಂತು. ಈ ಕುಲದ ಪತಂಗಗಳಲ್ಲಿ ರೆಕ್ಕೆಯ ಚುಕ್ಕೆ ನಂಬಿದರೆ ಮೋಸ. ಹೊಟ್ಟೆಯ ತುದಿಯನ್ನು ಬಿಡಿಸಿ ನೋಡಿದ ಮೇಲೆಯೇ ಯಾವುದು ಯಾವ ಬಳಗ ಎಂದು ತಿಳಿಯುವುದು. ಆಗಲೂ ನಾಲ್ಕು ಪಂಡಿತರು ಸೇರಿದರೆ ಐದು ಬಳಗ ಮಾಡುತ್ತಾರಂತೆ. ಹೊಸದೆಂದು ಗೊತ್ತಾದರೆ ಅದಕ್ಕೆ ಗಂಗಲಕ್ಷ್ಮಿಯ ಹೆಸರನ್ನೇ ಇಡುವುದಾಗಿ ನೌಶೀನ್ ಹೇಳಿದಳು. ಮದುವೆಯಾದಂದಿನಿಂದ ಬರೀ ರಂಗಪ್ಪನ ಮನೆಯವಳಾಗಿದ್ದ ಹೆಂಗಸು ಅಂದು ಕನ್ನಡಿಯ ಮುಂದೆ ನಿಂತು ತನ್ನ ಹೆಸರನ್ನು ತಾನೇ ಹೇಳಿ ನೋಡಿಕೊಂಡಳು.

ಸತ್ತ ಪತಂಗವನ್ನು ಸೂಜಿಗೆ ಚುಚ್ಚಿ ಡಬ್ಬಿಯಲ್ಲಿಟ್ಟು, ನೌಶೀನ್ ಕಾಲೇಜಿನ ಪರೀಕ್ಷೆ ಬರೆದು ಮುಗಿಸಿ ಬರುವತನಕ ಇರುವೆ ಮುತ್ತದಂತೆ ನಡುಮನೆಯ ತೊಲೆಗೆ ನೇತುಹಾಕಿದಳು. ಆಕೆ ದಂಡಿನಶಿವರದ ಅಕ್ಕನ ಮನೆಗೆ ಹೋಗಿದ್ದಾಗ ರಂಗಪ್ಪ ಅದನ್ನಿಳಿಸಿ, ಮುಚ್ಚಳ ತೆಗೆದು, ಇನ್ನೂ ಚೆನ್ನಾಗಿ ಒಣಗಲೆಂದು ಅಟ್ಟಕ್ಕೆ ಏರಿಸಿದ. ಅಲ್ಲಿ ಒಡೆದ ಕಾಯಿಗೆ ಮುತ್ತಿದ್ದ ಸಣ್ಣ ದುಂಬಿಗಳಿಗೆ ಕೊಬ್ಬರಿ ತಿಂದು ತಿಂದು ಬೇಸರವಾಗಿತ್ತೇನೋ. ನೌಶೀನ್ ಬಂದು ಡಬ್ಬಿ ನೋಡಿದಾಗ ನಾಲ್ಕು ರೆಕ್ಕೆ ಇದ್ದವು. ಸೂಜಿಯಲ್ಲಿ ಮೈ ಇರಲಿಲ್ಲ.

ಫೋಟೋ ಸಾಲದು, ರೆಕ್ಕೆ ಸಾಲದು, ಸದ್ಯಕ್ಕೆ ಇದನ್ನು ಹಳೆಯ ಹೆಸರಿನ ಕೆಳಗೇ ಸೇರಿಸಬೇಕು ಎನ್ನುತ್ತ ನೌಶೀನ್ ಕಣ್ಣೊರೆಸಿಕೊಂಡಳು.

ರಂಗಪ್ಪ ಸಮಾಧಾನಕ್ಕಿಳಿದ. “ಅಳ್ಬೇಡ ಕಣಮ್ಮ. ಹುಳ ತಾನೆ? ನಮ್ಮನೆಯೋಳು ಇನ್ನೊಂದು ಹಿಡ್ಕೊಡ್ತಾಳೆ ಬುಡು.”

ಗಂಗಲಕ್ಷ್ಮಿ ಡಬ್ಬಿಯ ಮುಚ್ಚಳ ಹಾಕಿದಳು.

“ಹಿಡ್ಕೊಡ್ತೀನಿ. ಅದಕ್ಕೆ ಇಡೋಕೆ ನನ್ ಹೆಸ್ರೇನು ಅಂತ ಈ ಹುಡ್ಗಿಗೆ ನೀವೇ ಒಂದ್ಸಲ ಹೇಳಿ, ಕೇಳಾನ.”