ಭಾವು ಕೂತು ಉಂಡ ಫ್ಲೆಕ್ಸ್

ಆ ವರ್ಷಗಳಲ್ಲಿ ಪುಣೆಯ ಕಾತ್ರಜದ ಚೌಕದಲ್ಲಿ ಯಾರ ಹುಟ್ಟುಹಬ್ಬದ ಫ್ಲೆಕ್ಸ್ ಎಷ್ಟು ದೊಡ್ಡದು ಎಂದು ನೋಡಿಯೇ ಯಾರಿಗೆ ಎಷ್ಟು ಹೆದರಬೇಕೆಂದು ನಾವು ಮಕ್ಕಳು ಕಲಿಯುತ್ತಿದ್ದೆವು. ನಿಮ್ಮ ಬಾಲ್ಯಕ್ಕೆ ಮಾವಿನ ವಾಸನೆ ಇದ್ದೀತು. ನನ್ನದಕ್ಕೆ ಇರುವುದು ಶಾಯಿಯ ವಾಸನೆ. ಸೀಮೆಎಣ್ಣೆಗೂ ಕೊಳೆತ ಹಣ್ಣಿಗೂ ನಡುವಿನದು, ಮೂಗಿನಲ್ಲಿ ಉರಿಯುವಂಥದ್ದು.

ಅಪ್ಪ ಧಾರವಾಡದಿಂದ ಬಂದು ಹಾಕಿದ್ದ ಫ್ಲೆಕ್ಸ್ ಅಂಗಡಿ ಅದು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಉಣ್ಣುತ್ತಿದ್ದೆ. ನಮ್ಮಿಬ್ಬರಿಗೊಂದು ಆಟವಿತ್ತು. ಮರಾಠಿ ಗಿರಾಕಿ ಎದುರಿಗೇ ನಿಂತಿರುವಾಗ, ಪರದೆಯ ಮೇಲೆ ಅವನ ಮುಖ ತಿದ್ದುತ್ತ ಅಪ್ಪ ಕನ್ನಡದಲ್ಲಿ, "ಈ ಮೋತಿಗೆ ಎಷ್ಟು ಬಿಳಿ ಬಳದ್ರೂ ಸುಟ್ಟ ಬದನಿಕಾಯಿನಽ ನೋಡವಾ" ಅನ್ನುತ್ತಿದ್ದ. ನಾನು ನಗು ತಡೆಯಬೇಕು. ನಕ್ಕರೆ ಸೋತಂತೆ.

ಎಲ್ಲಕ್ಕಿಂತ ದೊಡ್ಡ ಫ್ಲೆಕ್ಸ್ ಭಾವುವಿನದು. ಭಾವು ಅಂದರೆ ಅಣ್ಣ. ಬೇರೆ ಹೆಸರಿನಿಂದ ಅವನನ್ನು ಕರೆದವರನ್ನು ನಾನು ಕಾಣೆ. ಹುಟ್ಟುಹಬ್ಬಕ್ಕೆ ಕಾರಿನ ಬಾನೆಟ್ ಮೇಲೆ ಕೇಕ್ ಇಟ್ಟು, ಕಬ್ಬು ಕಡಿಯುವ ಕೊಯ್ತಾದಿಂದ ಕತ್ತರಿಸುತ್ತಿದ್ದ. ಒಮ್ಮೆ ಅದರ ತುದಿಯಿಂದ ನನ್ನ ಬಾಯಿಗೂ ಕ್ರೀಮ್ ಇಟ್ಟಿದ್ದ. ತರಕಾರಿ ಮಾರುವವನೊಬ್ಬನ ಬೆರಳುಗಳನ್ನು ಅವನು ಕಡಿದಾಗ ಎಲೆಕೋಸಿನ ರಾಶಿಯ ಮೇಲೆ ರಕ್ತ ಚೆಲ್ಲಿದ್ದನ್ನು ನೋಡಿದೆ. ನೋಡಿದೆನೋ, ಕೇಳಿದ್ದನ್ನು ನೋಡಿದಂತೆ ಇಟ್ಟುಕೊಂಡೆನೋ. ಕೊಯ್ತಾ ಎರಡೂ ಸಲ ಒಂದೇ ಎಂದು ನೆನಪು ಹಟ ಹಿಡಿಯುತ್ತದೆ. ಅದಕ್ಕೆ ಇಂಥ ಜೋಡಣೆಗಳು ಇಷ್ಟ. ನಾನು ನಂಬುವುದಿಲ್ಲ.

ಭಾವುವನ್ನು ಸಾಕಿದವನು ನಮ್ಮ ವಾರ್ಡಿನ ನಗರಸೇವಕ, ಅಂದರೆ ಕಾರ್ಪೊರೇಟರ್, ಎಲ್ಲರ ಸಾಹೇಬ. ಅವನಿಗಾಗಿ ಭಾವು ಜನರನ್ನು ಹೊಡೆದು ಜಾಗ ಖಾಲಿ ಮಾಡಿಸುತ್ತಿದ್ದ. ಭಾವುವಿಗಾಗಿ ಅವನು ಪೊಲೀಸರಿಗೆ ಫೋನ್ ಮಾಡುತ್ತಿದ್ದ. ಒಂದು ವರ್ಷ ಭಾವು, ಈ ಸಲ ಚುನಾವಣೆಗೆ ನಾನೇ ನಿಲ್ಲುತ್ತೇನೆ ಅಂದ.

ಅವನ ಹುಟ್ಟುಹಬ್ಬದ ಹಿಂದಿನ ದಿನ ಶಾಲೆಯಿಂದ ಬಂದಾಗ ಅಂಗಡಿಯ ನೆಲದ ತುಂಬ ಭಾವುವಿನ ಮುಖ ಒಣಗುತ್ತಿತ್ತು. ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ಮೂಲೆಯಲ್ಲಿ ಕೈಮುಗಿದ ಸಾಹೇಬ. ಬೆಳಿಗ್ಗೆ ತಾನೇ ಭಾವು ಚಹಾದ ಗಾಡಿಯ ಮುಂದೆ ನಿಂತು ನಗುತ್ತಿದ್ದ.

"ಸಾಹೇಬನ ಮನಷ್ಯಾ ಬಂದಿದ್ದ" ಅಂದ ಅಪ್ಪ. "ಸಂಜಿಗೆ ಬೇಕಂತ. ಸುದ್ದಿ ಬಂದ ಕೂಡಲೆ ಚೌಕದಾಗ ಮೊದಲನೇ ಫ್ಲೆಕ್ಸ್ ತಮ್ಮದಽ ಇರಬೇಕಂತ."

ಅಷ್ಟರಲ್ಲಿ ಹೊರಗೆ ಮೋಟಾರ್‌ಸೈಕಲ್ ನಿಂತಿತು. ಭಾವು ತನ್ನ ಹುಟ್ಟುಹಬ್ಬದ ಫ್ಲೆಕ್ಸ್ ನೋಡಲು ಬಂದಿದ್ದ. ಅಪ್ಪ ಹಸಿ ಫ್ಲೆಕ್ಸನ್ನು ಹಾಗೇ ಬೋರಲು ಮಾಡಿ, ಅದರ ಬಿಳಿ ಬೆನ್ನಿನ ಮೇಲೆ ನನ್ನನ್ನು ಕೂರಿಸಿ ಬುತ್ತಿ ಬಿಚ್ಚಿದ. ಒಳಗೆ ಬಂದ ಭಾವು ಜೋಳದ ರೊಟ್ಟಿ, ಶೇಂಗಾ ಚಟ್ನಿ ನೋಡಿದ್ದೇ ಚಪ್ಪಲಿ ಬಿಟ್ಟು ನನ್ನೆದುರು ಕೂತುಬಿಟ್ಟ. ತನ್ನದೇ ಮುಖದ ಮೇಲೆ. ರೊಟ್ಟಿ ಮುರಿಯುವ ಅವನ ಬೆರಳುಗಳು ಮೃದುವಾಗಿದ್ದವು.

ಅಪ್ಪ ನನ್ನ ಕಡೆಗೇ ನೋಡುತ್ತ, ನಮ್ಮ ಆಟದ ಧ್ವನಿಯಲ್ಲಿ, ಕನ್ನಡದಲ್ಲಿ ಹೇಳಿದ: "ಇವತ್ತ ಚೌಕಕ್ಕ ಹೋಗಬ್ಯಾಡ್ರಿ. ಕೊಲ್ತಾರ."

"ಕಾಯ್ ಮ್ಹಣತೋ ತುಝಾ ಬಾಪ?" ಭಾವು ನನ್ನನ್ನು ಕೇಳಿದ. ನಿನ್ನಪ್ಪ ಏನಂತಾನೆ?

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮರಾಠಿಯಲ್ಲಿ, ಇನ್ನೊಂದು ರೊಟ್ಟಿ ಹಾಕು ಅಂದೆ ಎಂದ. ಭಾವು ಹಾಕಿಸಿಕೊಂಡ.

ಸಂಜೆ ಚೌಕದಲ್ಲಿ, ನಮ್ಮ ಅಂಗಡಿಯ ಎದುರಿಗೆ ಸಾತಾರಾ ಬಸ್ಸು ನಿಲ್ಲುವಲ್ಲಿ ಅವನನ್ನು ಕಡಿದರು. ಅಪ್ಪ ಅರ್ಧ ಎಳೆದ ಶಟರಿನ ಕೆಳಗಿಂದ ನನಗೆ ಕಾಲುಗಳು ಮಾತ್ರ ಕಂಡವು. ಓಡುವ ಕಾಲುಗಳು, ಸುತ್ತುವರಿದ ಕಾಲುಗಳು, ನೆಲದಲ್ಲಿ ಒದ್ದಾಡುವ ಎರಡು ಕಾಲು. ಎಳನೀರು ಕೆತ್ತುವ ಸದ್ದು. ಒದ್ದಾಟ ನಿಂತ ಮೇಲೂ ಕೆತ್ತುವುದು ನಿಲ್ಲಲಿಲ್ಲ.

ರಕ್ತ ತೊಳೆಯುವ ಮೊದಲೇ ಫ್ಲೆಕ್ಸ್ ಏರಿತು. ಹಸಿಯಾಗಿರುವಾಗಲೇ ಭಾವುವಿನ ಭಾರ ಹೊತ್ತಿದ್ದರಿಂದ ಅದರಲ್ಲಿ ಅವನ ಎಡಗೆನ್ನೆ ಕದಡಿ ಕಿವಿಯವರೆಗೆ ಹರಡಿತ್ತು. ಅದರ ಕೆಳಗೆ ನಿಂತು ಸಾಹೇಬ ಅತ್ತ.

ಮರುದಿನ ಸಾಹೇಬನ ಆ ಮನುಷ್ಯ ಮತ್ತೆ ಅಂಗಡಿಗೆ ಬಂದ. ಅಲ್ಲಿಯವರೆಗೆ ನಮ್ಮೊಡನೆ ಮರಾಠಿ ಬಿಟ್ಟು ಮಾತಾಡದಿದ್ದವನು ಸ್ಟೂಲಿನ ಮೇಲೆ ಕೂತು ಕನ್ನಡದಲ್ಲಿ ಕೇಳಿದ.

"ಭಾವು ನಿನ್ನೆ ಇಲ್ಲೇ ಉಂಡನಂತ. ಏನ್ ಮಾತಾಡಿದ್ರಿ?"

ಅಪ್ಪ ಮೌಸ್ ಬಿಟ್ಟು ಅವನ ಕಡೆ ತಿರುಗಿದ. "ಏನಿಲ್ರಿ. ಉಂಡ, ಹೋದ."

"ನಾ ನಿಪ್ಪಾಣಿಯಾಂವ್ರಿ" ಅಂದ ಅವನು, ನನ್ನ ತಲೆ ಸವರುತ್ತ. "ನಿಮ್ಮ ಬದನಿಕಾಯಿ ಮಾತು ಭಾಳ ಸಲ ಕೇಳೇನಿ. ಒಳಗೊಳಗ ನಕ್ಕೇನಿ."

ಅಂದಿನಿಂದ ಅಂಗಡಿಯಲ್ಲಿ ಅಪ್ಪ ಕನ್ನಡ ಆಡಲಿಲ್ಲ. ತೀರಿಕೊಳ್ಳುವ ಮುಂಚಿನ ದಿನಗಳಲ್ಲಿ ಮಾತ್ರ, ನಾನು ಭಾವುವಿಗೆ ಹೇಳಿದ್ದೆನಲ್ಲ ಎಂದು ಮತ್ತೆ ಮತ್ತೆ ಅನ್ನುತ್ತಿದ್ದ. ಅವ್ವ ಒಪ್ಪುವುದಿಲ್ಲ. ಭಾವು ಉಣ್ಣುವಾಗ ತಾನು ತುಟಿ ಬಿಚ್ಚಲಿಲ್ಲ ಎಂದು ಅಪ್ಪ ಅದೇ ದಿನ ಅವಳ ಮುಂದೆ ಅತ್ತಿದ್ದನಂತೆ. ಉಳಿದದ್ದನ್ನು ಅಪ್ಪನೂ ನಾನೂ ಆಮೇಲೆ ಹೆಣೆದೆವಂತೆ. ಇರಬಹುದು. ಆದರೆ ಅಪ್ಪ ಸುಮ್ಮನಿದ್ದಿದ್ದರೆ, ನಿನ್ನಪ್ಪ ಏನಂತಾನೆ ಎಂದು ಭಾವು ಯಾಕೆ ಕೇಳಿದ? ಆ ಪ್ರಶ್ನೆಯೊಂದನ್ನೇ ಹಿಡಿದುಕೊಂಡಿದ್ದೇನೆ.

ಸಾಹೇಬ ಈಗ ಶಾಸಕ. ಅಂಗಡಿ ಈಗ ನನ್ನದು. ಮೊನ್ನೆ ಅವನ ಹುಟ್ಟುಹಬ್ಬದ ಫ್ಲೆಕ್ಸಿಗೆ ಮುಖ ಬಿಳುಪು ಮಾಡುತ್ತಿದ್ದೆ. ಪಕ್ಕದಲ್ಲಿ ಮಗಳು ಉಣ್ಣುತ್ತಿದ್ದಳು. ಸುಟ್ಟ ಬದನೆಕಾಯಿ ನನ್ನ ನಾಲಿಗೆಯ ತುದಿಯವರೆಗೆ ಬಂತು. ಹಿಂದೆ ತಿರುಗಿ ನೋಡಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಬೇಗ ಉಣ್ಣು ಅಂದೆ ಅವಳಿಗೆ, ಮರಾಠಿಯಲ್ಲಿ.